ಎಂಟು ತಂತಿಗಳಲ್ಲಿ ನಾಲ್ಕು

ಹೊಸ ರೂಟರ್ ಬಂದ ಶನಿವಾರ ನಮ್ಮ ಮನೆಯ ಪಡಸಾಲೆಯಲ್ಲಿ ಇಂಟರ್ನೆಟ್ ಜೋರಾಯಿತು, ಹಿಂದಿನ ಕೋಣೆಯಲ್ಲಿ ನಿಂತೇ ಹೋಯಿತು.

ನಮ್ಮದು ರಾಯಚೂರು ಕೋಟೆಯ ಸಮೀಪದ ಹಳೆಯ ಕಲ್ಲುಮನೆ. 1294ರ ಆ ಕೋಟೆಯ ಗೋಡೆಯಲ್ಲಿ ಒಂದು ಭಾರೀ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ನಮ್ಮೂರಿನವರ ಕಲ್ಲಿನ ಹುಚ್ಚು ಆಗಿನಿಂದಲೇ ಇರಬೇಕು. ನಮ್ಮ ಗೋಡೆಗಳನ್ನು ದಾಟಿ ವೈಫೈ ಒಳಗೆ ಹೋಗುವುದಿಲ್ಲ. ಅದಕ್ಕೇ ಎಂಟು ವರ್ಷದ ಹಿಂದೆ ನಾನೇ ಕೇಬಲ್ ಎಳೆದು, ಬಾಗಿಲ ಚೌಕಟ್ಟಿನಗುಂಟ ಮೊಳೆಯ ಕ್ಲಿಪ್ಪು ಹೊಡೆದಿದ್ದೆ. ಸೋಮವಾರ ಮಗಳಿಗೆ ಆನ್‌ಲೈನ್ ಸಂದರ್ಶನ, ಅವಳ ಮೊದಲ ಕೆಲಸಕ್ಕಾಗಿ. ಪಡಸಾಲೆಯಲ್ಲಿ ಅವ್ವನ ಮಂಚ, ದಿನವಿಡೀ ಟಿವಿ. ಹಿಂದಿನ ಕೋಣೆಯ ಕಂಪ್ಯೂಟರೇ ಗತಿ, ಅದಕ್ಕೆ ವೈಫೈ ಇಲ್ಲ.

ರೂಟರ್ ಹಾಕಿದ್ದು ದೇವದುರ್ಗದ ಹುಡುಗ, ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ತನ್ನ ಲ್ಯಾಪ್‌ಟಾಪಿಗೆ ಮೊಳದುದ್ದದ ಕೇಬಲ್ ಸಿಕ್ಕಿಸಿ ತೋರಿಸಿದ, ಎಲ್ಲ ಸರಿಯಿತ್ತು. ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ನಾಲ್ಕು ಸೆಕೆಂಡು ಹತ್ತುವುದು, ಆರುವುದು.

"ಸರ, ಕೇಬಲ್ ನೋಡ್ಬೇಕ್ರಿ," ಅಂದ.

"ಎಂಟು ವರ್ಷ ನಡದದ್ದು ಇವತ್ತ ಕೆಟ್ಟಿತೇನು? ನಿನಗ ಬರಂಗಿಲ್ಲಂದ್ರ ಬರೋರ್ನ ಕಳಸು."

ಇನ್ನೂ ಒಂದೆರಡು ಮಾತು ಆಡಿದೆ, ಇಲ್ಲಿ ಬರೆಯುವಂಥವಲ್ಲ. ಅವನು ಎದುರು ಮಾತಾಡದೆ ಚೀಲ ಹೆಗಲಿಗೇರಿಸಿದ. ಬಸ್ಸಿಗೆ ಹೊತ್ತಾಗಿತ್ತು.

ರಾತ್ರಿ ಮಾನ್ವಿಗೆ, ಅಕ್ಕನ ಮಗನಿಗೆ ಫೋನು ಹಚ್ಚಿದೆ. ಅವನು ಕಂಪ್ಯೂಟರ್ ಓದಿದವನು, ಈಗ ಹೊಲವನ್ನೂ ನೋಡುತ್ತಾನೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ಹೊಲ.

"ದೀಪ ಹತ್ತತದಲ್ಲೋ, ಮತ್ತ್ಯಾಕ ಬರವಲ್ದು?"

"ಮ್ಯಾಲೆ ಗೇಟ್ ತೆಗದಾರಂದ್ರ ನಮ್ಮ ಹೊಲಕ್ಕ ನೀರು ಬಂತಂತ ಅಲ್ಲ ಮಾಮಾ. ಹಳೇ ರೂಟರ್ ಎಷ್ಟರದಿತ್ತು?"

ಹಳೆಯದು ನೂರು ಎಂಬಿಪಿಎಸ್ಸಿನದು, ಹೊಸದು ಸಾವಿರದ್ದು. ಅವನಿಗೆ ಅಷ್ಟೇ ಸಾಕಾಯಿತು. ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ನೂರರ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ನೀಲಿ, ಕಂದು ಜೋಡಿಗಳು ಸುಮ್ಮನೆ ಮಲಗಿರುತ್ತವೆ. ಸಾವಿರಕ್ಕೆ ಎಂಟೂ ಬೇಕು. ತಮಾಷೆಯೆಂದರೆ, ಯಾವ ವೇಗದಲ್ಲಿ ಮಾತಾಡೋಣ ಎಂಬ ಒಪ್ಪಂದವಾಗುವುದು ಮೊದಲೆರಡು ಜೋಡಿಯ ಮೇಲೆಯೇ. ಎರಡೂ ಕಡೆಯವರು ಸಾವಿರಕ್ಕೆ ಒಪ್ಪುತ್ತಾರೆ, ಉಳಿದ ಜೋಡಿಗೆ ಕೈಹಾಕಿದಾಗ ಅದು ತುಂಡಾಗಿರುತ್ತದೆ. ಸಂಪರ್ಕ ಬೀಳುತ್ತದೆ, ಮತ್ತೆ ಮೊದಲಿನಿಂದ ಮಾತುಕತೆ. ಕೆಲವು ಕಂಪ್ಯೂಟರುಗಳು ತಾವೇ ನೂರಕ್ಕಿಳಿದು ಹೊಂದಿಕೊಳ್ಳುತ್ತವಂತೆ. ನಮ್ಮದು ಹಟಮಾರಿ, ಮನೆಯವರ ಹಾಗೆ.

ನೆಟ್‌ವರ್ಕ್ ಅಡಾಪ್ಟರಿನ ಸೆಟ್ಟಿಂಗ್ ತೆಗೆಸಿ, ವೇಗವನ್ನು 'ಆಟೋ'ದಿಂದ ನೂರಕ್ಕೆ ಕಟ್ಟಿಸಿದ. ದೀಪ ಹತ್ತಿತು, ಆರಲಿಲ್ಲ. ಸೋಮವಾರ ಮಗಳು ಮುಕ್ಕಾಲು ತಾಸು ತಡೆಯಿಲ್ಲದೆ ಮಾತಾಡಿದಳು.

ಮಂಗಳವಾರ ಕ್ಲಿಪ್ಪುಗಳನ್ನು ಒಂದೊಂದಾಗಿ ಕಿತ್ತೆ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಮೂರನೆಯ ಮೊಳೆ ಕೇಬಲ್ಲಿನ ಪಕ್ಕದಲ್ಲಲ್ಲ, ಮೈಯೊಳಗೇ ಹೊಕ್ಕಿತ್ತು. ಸಿಪ್ಪೆ ಸುಲಿದರೆ ಕಂದು ತಂತಿ ಎರಡು ತುಂಡು, ತುದಿ ಹಸಿರುಗಟ್ಟಿತ್ತು. ಹೊಡೆದದ್ದು ನನ್ನ ಸುತ್ತಿಗೆ. ಎಂಟು ವರ್ಷ ಆ ಜೋಡಿಯನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಹೊಸ ಕೇಬಲ್ ತಂದು ಎಳೆದೆ. ಆಮೇಲೆ ಮೊಬೈಲು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ದೇವದುರ್ಗದ ಹುಡುಗನ ನಂಬರ್ ಇತ್ತು, ಹೆಸರು ಕೇಳಿರಲಿಲ್ಲ. 'ರೂಟರ್' ಅಂತಲೇ ಬರೆದುಕೊಂಡಿದ್ದೆ. ಕೊನೆಗೆ ಹಚ್ಚಿದೆ. ಬಸ್ಸಿನ ಸದ್ದು. ಮೊಳೆಯ ವಿಷಯ ಹೇಳಿ, "ನಂದ ತಪ್ಪಪ್ಪಾ, ಅವತ್ತ ಹಂಗ ಅನಬಾರದಿತ್ತು" ಅಂದೆ.

ಸ್ವಲ್ಪ ಸುಮ್ಮನಿದ್ದ. "ಇರ್ಲಿ ಬಿಡ್ರಿ ಸರ. ಈಗ ಸ್ಪೀಡ್ ಎಷ್ಟ್ ಬರ್ತದ?"

ನೋಡಿ ಹೇಳಿದೆ. "ತೊಂಬತ್ನಾಲ್ಕು."

"ಹಂಗಂದ್ರ ಇನ್ನೂ ನೂರಕ್ಕ ಕಟ್ಟೀರಿ. ಆಟೋಕ್ಕ ಹಾಕ್ರಿ ಸರ. ನಾ ಲೈನ್‌ನ್ಯಾಗ ಇರ್ತೀನಿ."