ಬತ್ತಿದ ಬಾವಿ ಕಲಿಸಿದ ಪಾಠ

“ಮೊದಲು ನಾನೊಂದು ನೆಲೆಗೆ ಬರುತ್ತೇನೆ, ಆಮೇಲೆ ಸಮುದಾಯಕ್ಕೆ ಏನಾದರೂ ಮಾಡುತ್ತೇನೆ” ಎಂಬ ಮಾತನ್ನು ನಮ್ಮ ಯುವಕರ ಬಾಯಲ್ಲಿ ಆಗಾಗ ಕೇಳುತ್ತಿರುತ್ತೇವೆ. ಈ ಮಾತಿನಲ್ಲಿ ಮೇಲ್ನೋಟಕ್ಕೆ ಕೆಡುಕೇನೂ ಇಲ್ಲ. ದುಡಿದು ಗಳಿಸಿದವನೇ ಕೊಡಬಲ್ಲ. ಆದರೆ ಇದರೊಳಗೆ ಒಂದು ತಪ್ಪು ಲೆಕ್ಕ ಅಡಗಿ ಕುಳಿತಿದೆ. ಗಳಿಕೆ ಬೇರೆ, ಸೇವೆ ಬೇರೆ; ಗಳಿಕೆಯಲ್ಲಿ ಆದ ಲೋಪವನ್ನು ಸೇವೆಯಿಂದ ತುಂಬಬಹುದು ಎಂಬ ಲೆಕ್ಕ ಅದು. ಜಮೀನಿನ ವ್ಯವಹಾರಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನಾನೂ ಈ ಲೆಕ್ಕವನ್ನೇ ನಂಬಿದ್ದೆ. ಅದು ಹೇಗೆ ಸುಳ್ಳಾಯಿತು ಎಂಬುದನ್ನು ಹೇಳಿಕೊಳ್ಳುವುದು ನನಗೆ ಸುಲಭವಲ್ಲ. ಆದರೂ ಹೇಳಬೇಕೆನಿಸಿದೆ.

ನಾನು ದಕ್ಷಿಣ ಕನ್ನಡದ ಒಂದು ಹಳ್ಳಿಯ ಮದ್ರಸದಲ್ಲಿ ಅಧ್ಯಾಪಕ. ನಮ್ಮ ಕಡೆ ಮಕ್ಕಳು ಶಾಲೆಗೆ ಹೋಗುವ ಮುನ್ನ ಮದ್ರಸಕ್ಕೆ ಬರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ತರಗತಿ ಮುಗಿದರೆ ಹಗಲು ಬಿಡುವು. ಸಂಬಳವಾದರೋ ತಿಂಗಳ ಇಪ್ಪತ್ತನೆಯ ತಾರೀಕನ್ನು ದಾಟುತ್ತಿರಲಿಲ್ಲ. ಗಲ್ಫ್‌ನಲ್ಲಿದ್ದ ಬಂಧುವೊಬ್ಬರು ಊರಿನಲ್ಲಿ ಮನೆ ಕಟ್ಟಲು ಸ್ವಲ್ಪ ಜಾಗ ನೋಡಿಕೊಡಿ ಎಂದು ಕೇಳಿದರು. ನೋಡಿಕೊಟ್ಟೆ. ಬಿ.ಎ.ಯಲ್ಲಿ ಕನ್ನಡ ಓದಿದ್ದರಿಂದ ಹಳೆಯ ಕ್ರಯಪತ್ರಗಳ ಭಾಷೆ, ಚಕ್ಕುಬಂದಿಯ ವಿವರ ನನಗೆ ಅರ್ಥವಾಗುತ್ತಿತ್ತು. ಒಂದು ವ್ಯವಹಾರ ಇನ್ನೊಂದನ್ನು ಕರೆತಂದಿತು. ಎರಡು ವರ್ಷಗಳಲ್ಲಿ ನಾನು ಉಸ್ತಾದನೂ ಹೌದು, ದಲ್ಲಾಳಿಯೂ ಹೌದು ಎಂಬಂತಾಯಿತು. ದಲ್ಲಾಳಿತನವು ಧರ್ಮಸಮ್ಮತವಾದ ದುಡಿಮೆಯೇ. ಕೊಳ್ಳುವವನನ್ನೂ ಮಾರುವವನನ್ನೂ ಸೇರಿಸಿ ಶ್ರಮದ ಪ್ರತಿಫಲ ಪಡೆಯುವುದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇರಲಿಲ್ಲ.

ಆದರೆ ಉಳಿದ ದಲ್ಲಾಳಿಗಳಿಗಿಲ್ಲದ ಒಂದು ಬಂಡವಾಳ ನನ್ನಲ್ಲಿತ್ತು. “ಉಸ್ತಾದರು ತೋರಿಸಿದ ಜಾಗ” ಎಂದರೆ ಜನ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಆ ವಿಶ್ವಾಸವನ್ನು ನಾನು ಗಳಿಸಿದ್ದಲ್ಲ. ನನಗಿಂತ ಮೊದಲು ಆ ಮದ್ರಸದಲ್ಲಿ ಕಲಿಸಿದ ಹಿರಿಯರು ಗಳಿಸಿಟ್ಟದ್ದು ಅದು. ನನ್ನ ಪಾಲಿಗೆ ಅದೊಂದು ಅಮಾನತ್ ಆಗಿತ್ತು.

ಒಂದು ಜನವರಿ ತಿಂಗಳಲ್ಲಿ ಹತ್ತು ಸೆಂಟ್ಸ್ ಜಾಗವೊಂದು ಮಾರಾಟಕ್ಕೆ ಬಂತು. ದಾಖಲೆಗಳು ಸರಿಯಾಗಿದ್ದವು. ಮುರಕಲ್ಲಿನ ಬಾವಿಯಲ್ಲಿ ನೀರು ತಿಳಿಯಾಗಿ ನಿಂತಿತ್ತು. ಆದರೆ ಏಪ್ರಿಲ್ ಬಂದರೆ ಆ ಬಾವಿಯ ತಳ ಕಾಣುತ್ತದೆ ಎಂಬುದು ನನಗೆ ತಿಳಿದಿತ್ತು. ಆ ಮನೆಯ ಮಕ್ಕಳು ನನ್ನ ವಿದ್ಯಾರ್ಥಿಗಳೇ ಆಗಿದ್ದರು. ಬೇಸಿಗೆಯಲ್ಲಿ ಅವರು ದೂರದಿಂದ ಕೊಡ ಹೊತ್ತು ಬರುವುದನ್ನು ಕಣ್ಣಾರೆ ಕಂಡಿದ್ದೆ. ಕೊಳ್ಳಲು ಬಂದವರು ಹದಿನೆಂಟು ವರ್ಷ ಮರಳುಗಾಡಿನಲ್ಲಿ ದುಡಿದು ಮರಳಿದ್ದ ಒಬ್ಬ ಸಾಧು ಮನುಷ್ಯ. ಬಾವಿಯೊಳಗೆ ಇಣುಕಿ, “ನೀರು ಹೇಗೆ ಉಸ್ತಾದ್?” ಎಂದು ಕೇಳಿದರು.

“ಕಾಣುತ್ತಿದೆಯಲ್ಲ” ಎಂದೆ.

ನಾನು ಸುಳ್ಳಾಡಲಿಲ್ಲ. ಆ ದಿನ ರಾತ್ರಿ ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದು ಈ ಮಾತಿನಿಂದಲೇ. ನೋಂದಣಿಯಾಯಿತು, ದಲ್ಲಾಳಿ ಹಣ ಕೈಸೇರಿತು. ಅದರಲ್ಲೊಂದು ಪಾಲನ್ನು ಮಸೀದಿಯ ವುಝೂವಿನ ನೀರಿನ ತೊಟ್ಟಿಯ ದುರಸ್ತಿಗೆ ಕೊಟ್ಟೆ. ಶುಕ್ರವಾರ ಜುಮುಅದ ಬಳಿಕ ದಾನಿಗಳ ಹೆಸರು ಓದುವಾಗ ನನ್ನ ಹೆಸರೂ ಬಂತು. ಮನಸ್ಸು ಹಗುರಾಯಿತು. ಇನ್ನೊಬ್ಬನ ಮನೆಯ ನೀರಿನ ವಿಷಯದಲ್ಲಿ ಮೌನ ತಾಳಿ ಪಡೆದ ಹಣವನ್ನು ಅಲ್ಲಾಹನ ಮನೆಯ ನೀರಿಗೆ ಕೊಟ್ಟಿದ್ದೇನೆ ಎಂಬುದು ಆಗ ಹೊಳೆಯಲೇ ಇಲ್ಲ.

ಅವರು ಮನೆ ಕಟ್ಟಿದರು. ಮೊದಲ ಬೇಸಿಗೆಯಲ್ಲೇ ಬಾವಿ ಬತ್ತಿತು. ಎರಡು ಕಡೆ ಕೊಳವೆಬಾವಿ ಕೊರೆಸಿದರೂ ಬಂದದ್ದು ಧೂಳು ಮಾತ್ರ. ಟ್ಯಾಂಕರ್ ನೀರು ಮನೆಯ ತಿಂಗಳ ಖರ್ಚಿನೊಳಗೆ ಸೇರಿಕೊಂಡಿತು. ಒಂದು ದಿನ ಅಸರ್ ನಮಾಝಿನ ಬಳಿಕ ಅವರು ನನ್ನ ಪಕ್ಕ ಬಂದು ಕುಳಿತರು. ಬೈಯಲಿಲ್ಲ. ತಗ್ಗಿದ ದನಿಯಲ್ಲಿ, “ಉಸ್ತಾದ್, ನಿಮಗೆ ಗೊತ್ತಿರಲಿಲ್ಲ ಅಲ್ಲವೇ?” ಎಂದು ಕೇಳಿದರು. ಅದು ಪ್ರಶ್ನೆಯಾಗಿರಲಿಲ್ಲ. ನನ್ನ ಗೌರವ ಉಳಿಯಲೆಂದು ಅವರೇ ನನಗೆ ಒದಗಿಸಿಕೊಟ್ಟ ನೆಪವಾಗಿತ್ತು. ಆ ದಿನ ನಾನು ಏನನ್ನೂ ಹೇಳದೆ ತಲೆತಗ್ಗಿಸಿ ಎದ್ದು ಬಂದೆ.

ಪ್ರವಾದಿ ಮುಹಮ್ಮದ್ (ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗಿನ ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗವನ್ನು ನಾನು ಪ್ರತಿವರ್ಷ ಮಕ್ಕಳಿಗೆ ಕಲಿಸುತ್ತಿದ್ದೆ. ಆ ವ್ಯಾಪಾರಿಯೂ ಸುಳ್ಳು ಹೇಳಿರಲಿಲ್ಲ. ಮಳೆಗೆ ನೆನೆದ ಧಾನ್ಯವನ್ನು ಕೆಳಗಿಟ್ಟು, ಒಣಗಿದ್ದನ್ನು ಮೇಲಿಟ್ಟಿದ್ದ, ಅಷ್ಟೇ. ಅದನ್ನು ಪ್ರವಾದಿ (ಸ)ರವರು ವಂಚನೆಯೆಂದೇ ಪರಿಗಣಿಸಿದರು. ಕೊಳ್ಳುವವನಿಗೆ ಕಾಣದ ದೋಷವನ್ನು ಬಲ್ಲವನು ಅದನ್ನು ತಿಳಿಸಲೇಬೇಕು ಎಂಬ ಕರ್ಮಶಾಸ್ತ್ರದ ನಿಯಮವನ್ನು ನಾನು ಓದಿದ್ದೆ, ಓದಿಸಿಯೂ ಇದ್ದೆ. ಜನವರಿಯ ಆ ಬಾವಿ ನನ್ನ ಧಾನ್ಯದ ರಾಶಿಯಾಗಿತ್ತು.

ವಾರದ ನಂತರ ಅವರ ಮನೆಗೆ ಹೋಗಿ, “ಗೊತ್ತಿತ್ತು” ಎಂದು ಒಪ್ಪಿಕೊಂಡೆ. ಪಡೆದ ದಲ್ಲಾಳಿ ಹಣವನ್ನು ಪೂರ್ತಿಯಾಗಿ ಅವರ ಮುಂದಿಟ್ಟೆ. ಮಸೀದಿಗೆ ಕೊಟ್ಟ ಪಾಲಿನ ಮೊತ್ತವನ್ನು ಸಾಲ ಮಾಡಿ ಸೇರಿಸಿದ್ದೆ. ಅವರು ಮಾತಾಡದೆ ಎಣಿಸಿ ತೆಗೆದುಕೊಂಡರು. ಬೇಡವೆಂದು ಹಿಂದಿರುಗಿಸಿದ್ದರೆ ನನ್ನ ಭಾರ ಇನ್ನೂ ಹೆಚ್ಚುತ್ತಿತ್ತು. ಈಗಲೂ ಸಲಾಮ್ ಹೇಳುತ್ತಾರೆ. ಮೊದಲಿನ ಸಲುಗೆ ಮರಳಿಲ್ಲ.

ಜಮೀನು ವ್ಯವಹಾರದ ಕುರಿತು ಪ್ರವಾದಿ (ಸ)ರವರು ತಿಳಿಸಿದ ಪೂರ್ವಕಾಲದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಒಬ್ಬನು ಕೊಂಡ ಜಮೀನಿನಲ್ಲಿ ಚಿನ್ನ ತುಂಬಿದ ಗಡಿಗೆ ಸಿಕ್ಕಿತು. ತಾನು ಕೊಂಡದ್ದು ನೆಲವನ್ನು ಮಾತ್ರ ಎಂದು ಅವನು ಗಡಿಗೆಯನ್ನು ಮಾರಿದವನಿಗೆ ಒಯ್ದುಕೊಟ್ಟ. ನೆಲದೊಡನೆ ಅದರಲ್ಲಿರುವುದನ್ನೂ ಮಾರಿದ್ದೇನೆಂದು ಆತ ಸ್ವೀಕರಿಸಲಿಲ್ಲ. ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ವಿವಾಹ ಮಾಡಿಸಿ, ಆ ಚಿನ್ನವನ್ನು ಅವರಿಗಾಗಿ ಖರ್ಚುಮಾಡಿ, ದಾನವನ್ನೂ ಮಾಡುವಂತೆ ತೀರ್ಪಾಯಿತು. ಇಲ್ಲಿ ದಾನ ಬಂದದ್ದು ಕೊನೆಯಲ್ಲಿ. ತನ್ನದಲ್ಲದ್ದನ್ನು ಮುಟ್ಟದಿರುವ ಎಚ್ಚರ ಮೊದಲೇ ಬಂದಿತ್ತು. ನಾನು ಆ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೆ.

ಈ ವೃತ್ತಿಯನ್ನು ನಾನು ಬಿಡಲಿಲ್ಲ. ಬಿಡುವುದು ಸುಲಭವಾಗುತ್ತಿತ್ತು; ಸರಿಯಾಗಿ ಮಾಡುವುದು ಕಷ್ಟವಿತ್ತು. ಈಗ ಯಾವ ಜಾಗವನ್ನಾದರೂ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ನೋಡುತ್ತೇನೆ. ಅದು ಸಾಧ್ಯವಾಗದಿದ್ದರೆ ನೋಡಿಲ್ಲವೆಂದು ಮೊದಲೇ ಹೇಳುತ್ತೇನೆ. ಪಹಣಿ, ಭೂಪರಿವರ್ತನೆಯ ಆದೇಶ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ, ದಾರಿಯ ಹಕ್ಕು ಇವಿಷ್ಟನ್ನು ನೋಡದೆ ಮುಂಗಡದ ಮಾತೆತ್ತುವುದಿಲ್ಲ. ಇವೆಲ್ಲವುಗಳಿಗಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: “ಸಹೋದರಿಯರ ಪಾಲು ಏನಾಯಿತು?”

ಒಬ್ಬ ವ್ಯಕ್ತಿ 64 ಸೆಂಟ್ಸ್ ಜಮೀನು ಬಿಟ್ಟು ತೀರಿಕೊಂಡನೆನ್ನೋಣ. ಸಾಲವಿಲ್ಲ, ವಸಿಯ್ಯತ್ ಇಲ್ಲ, ತಂದೆತಾಯಿ ಜೀವಂತವಿಲ್ಲ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೆಂಡತಿಗೆ ಎಂಟನೆಯ ಒಂದು ಪಾಲು, ಅಂದರೆ 8 ಸೆಂಟ್ಸ್. ಮಗನಿಗೆ 28, ಹೆಣ್ಣುಮಕ್ಕಳಿಗೆ ತಲಾ 14. ಇದು ಅಲ್ಲಾಹನು ನಿಗದಿಪಡಿಸಿದ ಹಕ್ಕು, ಅಣ್ಣನ ಔದಾರ್ಯವಲ್ಲ. ಆದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? “ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ” ಎಂಬ ಒಂದೇ ಮಾತಿನಲ್ಲಿ ಆ 14 ಸೆಂಟ್ಸ್ ಕರಗಿಹೋಗುತ್ತದೆ. ತಂದೆ ಬದುಕಿದ್ದಾಗ ಕೊಟ್ಟ ಉಡುಗೊರೆಯು ಅವರ ಮರಣಾನಂತರದ ಹಕ್ಕನ್ನು ಅಳಿಸುವುದಿಲ್ಲ. ಸಹೋದರಿ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರೆ ಅದು ಬೇರೆ ಮಾತು. ಅದಕ್ಕಾದರೂ ತನಗೆಷ್ಟು ಬರುತ್ತದೆಂದು ಅವಳಿಗೆ ಗೊತ್ತಿರಬೇಡವೇ?

ಇಂಥದೇ ಕಾರಣಕ್ಕೆ ಮೂರು ವರ್ಷಗಳ ಹಿಂದೆ ಒಂದು ದೊಡ್ಡ ವ್ಯವಹಾರದಿಂದ ಹಿಂದೆ ಸರಿದೆ. ಅದನ್ನು ಬೇರೊಬ್ಬರು ಮುಗಿಸಿದರು. ಆ ಜೂನ್‌ನಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಹೆಂಡತಿಯ ಬಳೆ ಅಡವಿಡಬೇಕಾಯಿತು. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗಿಲ್ಲ ಎಂದು ಯುವಕರಿಗೆ ಹೇಳಿದರೆ ಅದೂ ವಂಚನೆಯೇ ಆದೀತು.

ಗುರುವಾರ ಮಧ್ಯಾಹ್ನ ಮದ್ರಸದ ಜಗಲಿಯಲ್ಲಿ ಕುಳಿತು, ಬಂದವರ ದಾಖಲೆಗಳನ್ನು ಹಣ ಪಡೆಯದೆ ಓದಿ ಹೇಳುತ್ತೇನೆ. ಹೆಚ್ಚಿನವರು ವಿಧವೆಯರು, ವಿದೇಶದಲ್ಲಿ ದುಡಿಯುವವರ ತಂದೆತಾಯಂದಿರು. ಫ್ಲಾಟ್ ಕೊಳ್ಳುವವರಿಗೆ ರೇರಾ ನೋಂದಣಿ ಸಂಖ್ಯೆ ಕೇಳಲು ಹೇಳುತ್ತೇನೆ. 2016ರ ಆ ಕಾಯ್ದೆಯ ಪ್ರಕಾರ ಕೊಳ್ಳುವವರಿಂದ ಪಡೆದ ಹಣದ ಶೇ. 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು ಎಂಬುದು ಅನೇಕರಿಗೆ ತಿಳಿದಿಲ್ಲ. ಹಣವುಳ್ಳವರಿಗೆ ಇನ್ನೊಂದು ಮಾತು ನೆನಪಿಸುತ್ತೇನೆ: ವಾಸದ ಮನೆಗೆ ಝಕಾತ್ ಇಲ್ಲ, ಮಾರುವ ಉದ್ದೇಶದಿಂದಲೇ ಕೊಂಡಿಟ್ಟ ನಿವೇಶನಕ್ಕೆ ಇದೆ. ಹತ್ತು ಲಕ್ಷ ಬೆಲೆಯ ನಿವೇಶನಕ್ಕೆ ವರ್ಷಕ್ಕೆ 25,000 ರೂಪಾಯಿ. ಇಷ್ಟು ಓದಿ ಹೇಳುವುದು ದೊಡ್ಡ ಸೇವೆಯೆಂದು ನಾನು ಭಾವಿಸಿಲ್ಲ. ಸಮುದಾಯ ನನ್ನಲ್ಲಿಟ್ಟ ಅಮಾನತ್ತಿನ ಬಾಕಿಯನ್ನು ಕಂತಿನಲ್ಲಿ ತೀರಿಸುತ್ತಿದ್ದೇನೆ, ಅಷ್ಟೇ.

ಈ ಕ್ಷೇತ್ರಕ್ಕೆ ಬರುವ ಸಹೋದರರೇ, ಬನ್ನಿ, ಗಳಿಸಿ, ಮಸೀದಿಗೂ ಮದ್ರಸಕ್ಕೂ ಧಾರಾಳವಾಗಿ ಕೊಡಿ. ಆದರೆ ದೇಣಿಗೆಯ ರಶೀದಿ ಬರೆಸುವ ಮುನ್ನ, ಆ ಹಣ ತಂದ ಜಮೀನಿನ ಬಾವಿಯನ್ನು ಒಮ್ಮೆ ನೆನೆಯಿರಿ.

ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಓಣಿಯಲ್ಲಿ ಟ್ಯಾಂಕರ್ ಹತ್ತಿ ಹೋಗುವ ಸದ್ದು ಕೇಳುತ್ತದೆ. ಅದು ಯಾರ ಮನೆಗೆಂದು ನನಗೆ ಗೊತ್ತು. ಅಲ್ಲಾಹನು ನನ್ನನ್ನು ಕ್ಷಮಿಸಲಿ, ಆ ಮನೆಯವರಿಗೆ ನೀರಿನ ದಾರಿ ತೋರಿಸಲಿ, ನಮ್ಮೆಲ್ಲರ ಸಂಪಾದನೆಯನ್ನು ಶುದ್ಧಗೊಳಿಸಲಿ. ಆಮೀನ್.