ಅಕ್ಟೋಬರ್ 2ರ ನೆರಳು

2025ರಲ್ಲಿ ಕ್ಯಾಲೆಂಡರಿನ ಒಂದೇ ಚೌಕದೊಳಗೆ ಗಾಂಧಿ ಜಯಂತಿ, ಶಾಸ್ತ್ರಿ ಜಯಂತಿ, ವಿಜಯದಶಮಿ ಮೂರೂ ಬಂದು ಕೂತಿದ್ವು. ಎರಡು ರಜೆ ಒಂದೇ ದಿನ ಬಿದ್ರೆ ಒಂದು ರಜೆ ಲಾಸ್ ಅಂತ ಜೂನ್‌ನಲ್ಲೇ ಲೆಕ್ಕ ಹಾಕಿ ಬೇಜಾರು ಮಾಡ್ಕೊಂಡವರು ನಾವು. ಹಿಂದಿನ ದಿನವೇ ಹಾಸ್ಟೆಲ್ ಮುಕ್ಕಾಲು ಖಾಲಿಯಾಗಿತ್ತು. ಉಳಿದವರು ನಾವು ಐದು ಜನ. ಒಬ್ಬನಿಗೆ ಟಿಕೆಟ್ ಸಿಕ್ಕಿರಲಿಲ್ಲ, ಇಬ್ಬರಿಗೆ ಮುಂದಿನ ವಾರ ಇಂಟರ್ನಲ್ಸ್ ಭಯ, ಮತ್ತೊಬ್ಬನಿಗೆ ಊರಿಗೆ ಹೋಗೋಕೆ ಮನಸ್ಸಿಲ್ಲ. ಐದನೆಯವನ ವಿಷಯ ಆಮೇಲೆ ಹೇಳ್ತೀವಿ.

ರಜೆ ದಿನ ಮಾಡೋಕೆ ಕೆಲಸ ಇಲ್ಲದಿದ್ರೆ ಇಂಜಿನಿಯರಿಂಗ್ ಹುಡುಗರು ವಾದ ಮಾಡ್ತಾರೆ. ಬೆಳಗ್ಗೆ ತಿಂಡಿ ಹೊತ್ತಿಗೆ ಶುರುವಾಗಿದ್ದು ಶರದೃತುವಿನ ಬಗ್ಗೆ. ಇಂಗ್ಲಿಷಿನ ಆಟಮ್ ಅಂದ್ರೆ ನಮ್ಮ ಶರದೃತು ಅಂತ ಶಾಲೆಯಲ್ಲಿ ಬರೆಸಿದ್ರು. ಆದ್ರೆ ಅಮೆರಿಕದವರು ಅದನ್ನ ‘ಫಾಲ್’ ಅಂತಾರೆ, ಅಂದ್ರೆ ಎಲೆ ಉದುರೋ ಕಾಲ. ನಮ್ಮಲ್ಲಿ ಆಶ್ವಯುಜ, ಕಾರ್ತಿಕದಲ್ಲಿ ಯಾವ ಮರ ಎಲೆ ಉದುರಿಸುತ್ತೆ? ಕ್ಯಾಂಪಸ್ಸಿನ ಹೊಂಗೆ ಮರಗಳು ಖಾಲಿಯಾಗೋದು ಶಿಶಿರದ ಕೊನೆಗೆ, ಎರಡನೇ ಇಂಟರ್ನಲ್ಸ್ ಪಠ್ಯ ಮುಗಿಯದ ಫೆಬ್ರವರಿಯಲ್ಲಿ. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಉದುರೋದು ಎಲೆ ಅಲ್ಲ, ಮಳೆ.

ಅಲ್ಲಿಂದ ವಾದ ಹಗಲು-ರಾತ್ರಿ ಸಮನಾಗೋ ದಿನಕ್ಕೆ ಬಂತು. ಸೆಪ್ಟೆಂಬರ್ 22 ಅಥವಾ 23 ಅಂತ ಎಲ್ಲರೂ ಓದಿರೋದೇ. ಆದ್ರೆ ಅದು ಸೂರ್ಯನ ಕೇಂದ್ರ ಭೂಮಧ್ಯರೇಖೆಯ ನೇರಕ್ಕೆ ಬರೋ ದಿನ ಅಷ್ಟೇ, ಹಗಲು ಸರಿಯಾಗಿ 12 ಗಂಟೆ ಇರೋ ದಿನ ಅಲ್ಲ. ಸೂರ್ಯೋದಯವನ್ನ ನಾವು ಲೆಕ್ಕ ಹಾಕೋದು ಸೂರ್ಯನ ಮೇಲಂಚು ಕಂಡಾಗ. ಜೊತೆಗೆ ದಿಗಂತದ ಕೆಳಗಿರೋ ಸೂರ್ಯನನ್ನ ವಾತಾವರಣ ಬೆಳಕು ಬಾಗಿಸಿ ಸುಮಾರು ಅರ್ಧ ಡಿಗ್ರಿ ಮೇಲೆತ್ತಿ ತೋರಿಸುತ್ತೆ. ಹೀಗಾಗಿ ಅವತ್ತು ಬೆಂಗಳೂರಿನಲ್ಲಿ ಹಗಲಿಗೆ ಏಳು ನಿಮಿಷದಷ್ಟು ಬೋನಸ್. ಈ ಬೋನಸ್ ದಿನಕ್ಕೆ ಮುಕ್ಕಾಲು ನಿಮಿಷದಂತೆ ಕರಗ್ತಾ ಹೋಗುತ್ತೆ. ಏಳನ್ನ ಮುಕ್ಕಾಲರಿಂದ ಭಾಗಿಸಿ ನೋಡಿ. ಒಂಬತ್ತು ದಿನ ಚಿಲ್ಲರೆ. ಅಂದ್ರೆ ಬೆಂಗಳೂರಿನಲ್ಲಿ ಹಗಲು-ರಾತ್ರಿ ನಿಜವಾಗ್ಲೂ ಸಮ ಆಗೋದು ಅಕ್ಟೋಬರ್ 2ರ ಆಸುಪಾಸು! ಫೋನ್ ತೆಗೆದು ನೋಡಿದ್ವಿ. ಸೂರ್ಯೋದಯ 6 ಗಂಟೆ 9 ನಿಮಿಷ, ಸೂರ್ಯಾಸ್ತವೂ ಹೆಚ್ಚುಕಡಿಮೆ ಅಷ್ಟೇ. ದೆಹಲಿಯವರಿಗೆ ಇದು ಐದಾರು ದಿನ ಮೊದಲೇ ಬಂದು ಹೋಗಿರುತ್ತೆ, ಅಲ್ಲಿ ಹಗಲು ಇನ್ನೂ ಬೇಗ ಬೇಗ ಕುಗ್ಗುತ್ತಲ್ಲ, ಅದಕ್ಕೆ.

ಈಗ ಐದನೆಯವನ ವಿಷಯ. ಅವನದು ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕು, ಭೀಮಾ ದಂಡೆಯ ಊರು. ದಸರಾಕ್ಕೆ ತಪ್ಪದೆ ಹೋಗ್ತಿದ್ದವನು ಈ ಸಲ ಹೋಗಲಿಲ್ಲ. ವಾರದ ಹಿಂದೆ ಅವರಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: “ಉತ್ತರಿ ಮಳಿ ಒಂದೇ ಸವನ ಹೊಡ್ಯಾಕತ್ತದ, ಹೊಳಿನೂ ಏರ್ಲಾಕತ್ತದ. ನೀ ಬರಬ್ಯಾಡ ತಮ್ಮಾ, ಹಾದಿ ಸರಿ ಇಲ್ಲ. ಬಸ್ಸಿನ ರೊಕ್ಕ ಪರೀಕ್ಷಾ ಫೀಸಿಗಿ ಇಟ್ಕೋ.” ಮೇಲೆ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಿದ್ದು, ಕೆಳಗೆ ಬಿಡದ ಮಳೆ, ಎರಡೂ ಸೇರಿ ಸೋಮವಾರ ಸಂಜೆ ಹೊಳೆ ಹೊಲಕ್ಕೇ ಬಂತು. ಮನೆ ಎತ್ತರದಲ್ಲಿದೆ, ಉಳೀತು. ನಾಲ್ಕು ಎಕರೆ ಹೊಲದ ತೊಗರಿಯಲ್ಲಿ ಮೊಣಕಾಲುದ್ದ ನೀರು. ತೊಗರಿ ಬರ ತಡ್ಕೊಳ್ಳುತ್ತೆ, ನೀರು ನಿಂತ್ರೆ ತಡ್ಕೊಳ್ಳಲ್ಲ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗಲ್ಲ, ಬೇರಿಗೆ ಗಾಳಿ ಸಿಗದೆ ಗಿಡ ನಿಂತಲ್ಲೇ ಬಾಡುತ್ತೆ. ಇದನ್ನೆಲ್ಲ ಅವನು ನಮಗೆ ಹೇಳಿದ್ದು ಬುಧವಾರ, ಆಯುಧ ಪೂಜೆ ದಿನ. ವರ್ಕ್‌ಶಾಪಿನಲ್ಲಿ ಲೇತ್‌ಗಳಿಗೆ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರಿಗೂ ಪುರಿ-ಸಿಹಿ ಕೊಟ್ಟಿದ್ರು. ಪುರಿ ತಿನ್ನುತ್ತಾ ಅವನು, “ಅಪ್ಪ ಕೂರಿಗಿ, ಕುಂಟಿ ಕೆಸರು ತೊಳದು ಪೂಜಾ ಮಾಡ್ಯಾನಂತ” ಅಂದ. ಯಾರೂ ಏನೂ ಮಾತಾಡಲಿಲ್ಲ.

ಅದಕ್ಕೋ ಏನೋ, ಗುರುವಾರ ಬೆಳಗ್ಗೆ ವಾದದ ಮಧ್ಯೆ ಎರಟಾಸ್ತನೀಸನ ಹೆಸರು ಬಂದಾಗ ಅವನನ್ನ ಹೇಗಾದ್ರೂ ಮಾಡಿ ಎಬ್ಬಿಸಬೇಕು ಅನ್ನಿಸ್ತು. ಕ್ರಿಸ್ತಪೂರ್ವ 240ರ ಸುಮಾರಿಗೆ ಈ ಗ್ರೀಕ್ ಪಂಡಿತ ನೆರಳು ನೋಡಿ ಭೂಮಿಯ ಸುತ್ತಳತೆ ಹೇಳಿದ ಕಥೆ ನಿಮಗೂ ಗೊತ್ತಿರುತ್ತೆ. ಒಂದು ದಿನ ಮಧ್ಯಾಹ್ನ ಸಯೀನ್‌ನಲ್ಲಿ, ಅಂದ್ರೆ ಈಗಿನ ಅಸ್ವಾನ್‌ನಲ್ಲಿ, ಸೂರ್ಯ ನೆತ್ತಿಯ ಮೇಲೆ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆತ್ತಿಯಿಂದ 7.2 ಡಿಗ್ರಿ ವಾರೆ. 360ರಲ್ಲಿ ಐವತ್ತನೇ ಒಂದು ಭಾಗ. ಎರಡೂರಿನ ದೂರಕ್ಕೆ ಐವತ್ತು ಗುಣಿಸು, ಮುಗೀತು. ನಮಗೂ ಎರಡು ಊರು ಬೇಕು, ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. “ನಿನ್ನ ತಂಗಿ ಒಂಬತ್ತನೇ ಕ್ಲಾಸಲ್ವೇನೋ, ಫೋನ್ ಹಚ್ಚು” ಅಂದ್ವಿ.

ನಮ್ಮ ಕಡೆ ಒಂದು ಮೀಟರಿನ ಪಿವಿಸಿ ಪೈಪು, ನೆಟ್ಟಗಿದೆಯಾ ನೋಡೋಕೆ ದಾರಕ್ಕೆ ಕಟ್ಟಿದ ನಟ್ಟು, ಟೆರೇಸಿನ ಮೇಲೆ ಸೀಮೆಸುಣ್ಣ. ಅವರ ಕಡೆ ಮಾಳಿಗೆ ಮೇಲೆ ಕಬ್ಬಿಣದ ಸರಳು, ಅಮ್ಮನ ಹೊಲಿಗೆ ಟೇಪು, ದಾರಕ್ಕೆ ನಟ್ಟಿನ ಬದಲು ಬೀಗ. ಗಡಿಯಾರದ ಹನ್ನೆರಡಕ್ಕೆ ಅಳೆಯಬಾರದು. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಸಮಯದಲ್ಲಿ, ನಾವಿರೋದು ಅದಕ್ಕಿಂತ ಪಶ್ಚಿಮಕ್ಕೆ. ಅವತ್ತು ಬೆಂಗಳೂರಿನ ನಿಜವಾದ ನಡುಹಗಲು 12 ಗಂಟೆ 9 ನಿಮಿಷಕ್ಕೆ, ಅವರೂರಲ್ಲಿ ಇನ್ನೂ ನಾಲ್ಕೈದು ನಿಮಿಷ ತಡ. ಇದೆಲ್ಲ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಹನ್ನೊಂದೂ ಮುಕ್ಕಾಲರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡ್ತಾ ಹೋದ್ರೆ ಎಲ್ಲಕ್ಕಿಂತ ಗಿಡ್ಡ ನೆರಳೇ ನಡುಹಗಲಿನದು. ಮೋಡ ಎರಡು ಸಲ ಅಡ್ಡ ಬಂತು. ಆ ಎರಡು ಸಲವೂ ನಾವು ಐದು ಜನ ಬಾಯಿಬಿಟ್ಕೊಂಡು ಆಕಾಶ ನೋಡ್ತಾ ನಿಂತಿದ್ದನ್ನ ಕೆಳಗಿನಿಂದ ವಾಚ್‌ಮನ್ ಅಣ್ಣ ನೋಡಿ, “ಯಾಕ್ರಪ್ಪಾ, ಜಂಬೂ ಸವಾರಿ ಮೇಲ್ಗಡೆ ಹೊಂಟೈತಾ?” ಅಂದ್ರು.

ನಮ್ಮ ನೆರಳು 30 ಸೆಂಟಿಮೀಟರ್. ಅವಳದು 38. ಕ್ಯಾಲ್ಕುಲೇಟರಿಗೆ ಹಾಕಿದ್ರೆ ಕೋನ 16.7 ಮತ್ತು 20.8 ಡಿಗ್ರಿ, ವ್ಯತ್ಯಾಸ 4.1. ನಕ್ಷೆಯಲ್ಲಿ ನೆಟ್ಟಗೆ ಉತ್ತರಕ್ಕೆ ಅಳೆದ್ರೆ ಎರಡೂರಿನ ನಡುವೆ 470 ಕಿಲೋಮೀಟರ್. ಉತ್ತರ 41 ಸಾವಿರ ಕಿಲೋಮೀಟರ್ ಚಿಲ್ಲರೆ. ಧ್ರುವಗಳ ಮೇಲಿಂದ ಹಾದ ಭೂಮಿಯ ಸುತ್ತಳತೆ 40,008. ಒಂದು ಪೈಪು, ಒಂದು ಸರಳಿಗೆ ಇದು ಸಾಕಪ್ಪಾ ಸಾಕು! ನಮ್ಮಲ್ಲೊಬ್ಬ ತಕರಾರು ತೆಗೆದ. ನಕ್ಷೆ ಮಾಡಿದವನಿಗೆ ಭೂಮಿ ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿರುತ್ತೆ, ಆ ದೂರ ಬಳಸಿದ್ರೆ ಕಾಪಿ ಹೊಡೆದಂಗೆ ಅಂತ. ತಕರಾರು ಸರಿಯಾದದ್ದೇ. ಎರಟಾಸ್ತನೀಸನಿಗೆ ಸಿಕ್ಕ ದೂರ ನೆಲದ ಮೇಲೆ ಅಳೆದದ್ದು. ಇನ್ನೊಂದು ಏನಂದ್ರೆ, ಅವಳ ನೆರಳು ಅರ್ಧ ಸೆಂಟಿಮೀಟರ್ ಉದ್ದ ಅಂದುಕೊಂಡ್ರೆ ನಮ್ಮ ಭೂಮಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಕುಗ್ಗಿಬಿಡುತ್ತೆ. ಲ್ಯಾಬಿನಲ್ಲಿ ಎರರ್ ಅನಾಲಿಸಿಸ್ ಅಂತ ನಕಲು ಮಾಡಿ ಬರೀತೀವಲ್ಲ, ಅದು ಏನು ಅಂತ ಟೆರೇಸಿನ ಮೇಲೆ ಅರ್ಥ ಆಯ್ತು.

ಫೋನ್ ಸ್ಪೀಕರಿನಲ್ಲಿತ್ತು. ತಂಗಿಯ ಕೈಯಿಂದ ಅಪ್ಪ ಇಸ್ಕೊಂಡ್ರು. “ಭೂಮಿ ಪೂರಾ ಅಳದ್ರಿ ಅಂದ್ರ ಚೊಲೋ ಆತು. ಇಲ್ಲಿ ನಾಕ ಎಕರೆ ಅಳೀಲಾಕ ಯಾರ್ ಬರ್ತಾರ, ಯಾವಾಗ ಬರ್ತಾರ, ಅದೊಂದು ಕೇಳಿ ಹೇಳ್ರಿ.” ನಗ್ತಾನೇ ಹೇಳಿದ್ರು. ನಾವೂ ನಕ್ಕು, ಆಮೇಲೆ ಸುಮ್ಮನಾದ್ವಿ.

ಬೆಳೆ ವಿಮೆ ಕಟ್ಟಿದ್ದೀರಾ ಅಂತ ಕೇಳಿದ್ದು ನಮ್ಮಲ್ಲಿ ಚಾಮರಾಜನಗರದವನು, ಅವನ ಮನೆಯಲ್ಲಿ ಹಿಂದೆ ಒಮ್ಮೆ ಈ ಓಡಾಟ ಆಗಿತ್ತು. ಕಟ್ಟಿದ್ರು. ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇಕಡ 2. ಆದ್ರೆ ಹೊಲಕ್ಕೆ ನೀರು ನುಗ್ಗಿ ಹಾಳಾದ್ರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನೋ ನಿಯಮ ಅವರಿಗೆ ಗೊತ್ತಿರಲಿಲ್ಲ, ನಾವು ನಾಲ್ವರಿಗೂ ಗೊತ್ತಿರಲಿಲ್ಲ. ಸೋಮವಾರ ಸಂಜೆಯಿಂದ ಗುರುವಾರ ಸಂಜೆಗೆ 72 ಗಂಟೆ. ಆಗ ಮಧ್ಯಾಹ್ನ ಒಂದೂವರೆ. ಊಟದ ತಟ್ಟೆ ಪಕ್ಕಕ್ಕಿಟ್ಟು ಅವನು ಪಾಸ್‌ಬುಕ್ಕು, ವಿಮೆ ರಸೀದಿ, ಪಹಣಿಯ ಫೋಟೊ ತಂಗಿಯಿಂದ ತರಿಸ್ಕೊಂಡ. ಅವಳು ಹೊಲದ ಹತ್ತಿರ ಹೋಗೋ ಹಾದಿಯಲ್ಲಿ ನಿಂತು ನೀರಿನ ಫೋಟೊನೂ ಕಳಿಸಿದಳು. ಸರ್ವೆ ನಂಬರ್ ಓದೋಕೆ ಮೂರು ಜನ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದ್ವಿ, ಅದು 7ಆ 1ಆ ಅಂತ. 14447ಕ್ಕೆ ಕರೆ ಮಾಡಿ, ಬೆಳೆ ಯಾವುದು, ನೀರು ಬಂದದ್ದು ಯಾವಾಗ ಅಂತ ಹೇಳಿ, ನಾಲ್ಕೂವರೆ ಹೊತ್ತಿಗೆ ದೂರಿನ ಸಂಖ್ಯೆ ನಮ್ಮ ಕೈಗೆ ಬಂತು. ಸೀಮೆಸುಣ್ಣ ಜೇಬಲ್ಲೇ ಇತ್ತು, ರೂಮಿನ ಗೋಡೆ ಮೇಲೇ ಬರೆದುಕೊಂಡ. ಸಮೀಕ್ಷೆಗೆ ಬಂದು ನೋಡಬೇಕು, ಆಮೇಲೆ ಪರಿಹಾರ ನಿಗದಿ. ಇದನ್ನ ಬರೆಯೋ ಹೊತ್ತಿಗೆ ಸಮೀಕ್ಷೆ ಆಗಿದೆ, ದುಡ್ಡು ಬಂದಿಲ್ಲ.

ಸಂಜೆ ದೇವಸ್ಥಾನದ ಹತ್ತಿರ ಬನ್ನಿ ಮಾರ್ತಿದ್ರು, ಹತ್ತು ರೂಪಾಯಿಗೆ ಒಂದು ಕಟ್ಟು. ನಮ್ಮಲ್ಲಿ ಮೂವರಿಗೆ ಬನ್ನಿ ಕೊಡೋ ಅಭ್ಯಾಸ ಇಲ್ಲ, ನೋಡಿದ್ದೂ ಕಡಿಮೆ. ಅವನೇ ಕಲಿಸಿದ. ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣು ಅನ್ನಬೇಕು, ದೊಡ್ಡವರಾದ್ರೆ ಕಾಲಿಗೂ ಬೀಳಬೇಕು. ಹುಟ್ಟಿದ ತಿಂಗಳ ಲೆಕ್ಕದಲ್ಲಿ ನಮ್ಮಲ್ಲಿ ಯಾರು ದೊಡ್ಡವರು ಅಂತ ಮತ್ತೊಂದು ವಾದ ಆಯ್ತು. ಅಂದ ಹಾಗೆ ಬನ್ನಿಯೂ ತೊಗರಿಯೂ ಒಂದೇ ದ್ವಿದಳ ಕುಲದವು. ವಾಚ್‌ಮನ್ ಅಣ್ಣನಿಗೂ ಕೊಟ್ವಿ, ಅವರು ತಗೊಂಡು ಟೋಪಿಯಲ್ಲಿ ಸಿಕ್ಕಿಸ್ಕೊಂಡ್ರು.

ರಾತ್ರಿ ತಂಗಿಯ ವಾಯ್ಸ್ ಮೆಸೇಜ್ ಬಂತು. “ಅಣ್ಣಾ, ಸರಳು ಅಲ್ಲೇ ಮಾಳಗಿ ಮ್ಯಾಲ ಬಿಟ್ಟೀನಿ. ನೆರಳು ಎಲ್ಲಕಿಂತ ಉದ್ದ ಯಾವತ್ತ ಆಗ್ತದ? ಎಷ್ಟ್ ಆಗ್ತದ?” ನಡುಹಗಲಿನ ನೆರಳಿನ ಲೆಕ್ಕ ಮಾಡಿ, ಡಿಸೆಂಬರ್ 21ರ ಸುಮಾರಿಗೆ, 86 ಸೆಂಟಿಮೀಟರ್ ಅಂತ ಕಳಿಸಿದ್ವಿ. ನೋಡಿ ಹೇಳ್ತೀನಿ ಅಂದಿದ್ದಾಳೆ.