ಬೀಗದ ಕೈ

ಎಲ್.ಟಿ.ಸಿ. ಅರ್ಜಿಯ ‘ಹೋಮ್ ಟೌನ್’ ಎಂಬಲ್ಲಿಗೆ ಬಂದಾಗ ನನ್ನ ಪೆನ್ನು ನಿಲ್ಲುತ್ತದೆ. ತಾಯಿ ಹೋದ ಮೇಲೆ ಊರಿನಲ್ಲಿ ಉಳಿದಿರುವುದು ಬೀಗ ಹಾಕಿದ ಮನೆ. ಈ ಸಲ ಏಕೋ ತೈವಾನಿನ ಮುದಿ ಸಿಪಾಯಿಗಳು ನೆನಪಾದರು.

1895ರಿಂದ ಐವತ್ತು ವರ್ಷ ಜಪಾನಿನ ವಶದಲ್ಲಿದ್ದ ಆ ದ್ವೀಪಕ್ಕೆ, ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೇಕ್ ಸರ್ಕಾರ 1949ರಲ್ಲಿ ಬಂದು ನೆಲೆಸಿತು. ಜೊತೆಗೆ ಬಂದ ಸಿಪಾಯಿಗಳಿಗೆ ಬೇಗನೆ ಊರಿಗೆ ಮರಳುವ ಆಸೆ. ವರ್ಷಗಳು ಉರುಳಿದವು. 1953ರಲ್ಲಿ ಉಳುವವನು ಹೊಲದ ಒಡೆಯನಾದ. 1966ರಲ್ಲಿ ರಫ್ತು ವಲಯ, 1980ರಲ್ಲಿ ಸಿಂಚುವಿನ ವಿಜ್ಞಾನ ಪಾರ್ಕು ಬಂದವು. ಇಂದು ಜಗತ್ತಿನ ಅತಿ ಸೂಕ್ಷ್ಮ ಚಿಪ್‌ಗಳಲ್ಲಿ ಬಹುಪಾಲು ಅಲ್ಲಿಯವೇ. 1996ರಲ್ಲಿ ಜನರೇ ಅಧ್ಯಕ್ಷರನ್ನು ಆರಿಸಿದರು. ಆದರೂ ದ್ವೀಪ ತನ್ನದೆಂಬ ಚೀನದ ಹಟ ಸಡಿಲಿಲ್ಲ.

ನಿವೃತ್ತ ಸಿಪಾಯಿಗಳಿಗೆ ಬಂಧುಗಳನ್ನು ನೋಡಿಬರಲು ಅನುಮತಿ ಸಿಕ್ಕಿದ್ದು 1987ರ ಕೊನೆಯಲ್ಲಿ. ಮೂವತ್ತೆಂಟು ವರ್ಷ! ಹಲವರಿಗೆ ಕಂಡದ್ದು ಹೆತ್ತವರ ಸಮಾಧಿ.

ನಾನೂ ತಾಯಿಯ ಕೊನೆಗಳಿಗೆಗೆ ತಲುಪಲಿಲ್ಲ. ಆದರೆ ನನ್ನನ್ನು ತಡೆದದ್ದು ಕಡಲಲ್ಲ, ಕಾನೂನಲ್ಲ. ‘ಮಾರ್ಚ್ ಮುಗಿಯಲಿ, ಬರುತ್ತೇನಮ್ಮ’ ಎಂಬ ನನ್ನದೇ ಮಾತು.

ಅರ್ಜಿ ತುಂಬಿ ಕೊಟ್ಟೆ. ಬೀಗದ ಕೈಯನ್ನೂ ಹುಡುಕಿಟ್ಟಿದ್ದೇನೆ.